ಆಲ್ಡ್‌ವರ್ತ್‌ನ ಬೆಲ್ ಇನ್

ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಆಲ್ಡ್‌ವರ್ತ್ ಅನ್ನೋ ಪುಟ್ಟ ಹಳ್ಳಿಗೆ ಬಂದಿದ್ದೇನೆ. ಇಲ್ಲಿನ ಬೆಲ್ ಇನ್ ಪಬ್ಬನ್ನು 250 ವರ್ಷಕ್ಕೂ ಜಾಸ್ತಿ ಕಾಲದಿಂದ ಒಂದೇ ಮನೆತನ ನಡೆಸುತ್ತಿದೆ. ಬಾರ್ ಕೌಂಟರ್ ಇಲ್ಲ. ಗೋಡೆಯ ಸಣ್ಣ ಕಿಂಡಿಯಿಂದಲೇ ಗ್ಲಾಸು ಕೈಗೆ ಬರುತ್ತದೆ.

ಇವರ ಏಲ್ ಅನ್ನೋ ಬಗೆಯ ಬಿಯರ್ ನನಗೆ ತುಂಬಾ ಹಿಡಿಸಿತು. ಪೀಪಾಯಿಯೊಳಗೆ ಅದು ಇನ್ನೂ ಹುದುಗುತ್ತಲೇ ಇರುತ್ತದೆ. ಹೊರಗಿನಿಂದ ಗ್ಯಾಸ್ ಸೇರಿಸುವುದಿಲ್ಲ. ಐಸಿನಂಥ ತಂಪೂ ಬೇಡ, ನೆಲಮಾಳಿಗೆಯ 12 ಡಿಗ್ರಿ ಆಸುಪಾಸು ಸಾಕು. ಆದರೆ ಪೀಪಾಯಿ ತೆರೆದ ಮೂರ್ನಾಲ್ಕು ದಿನದಲ್ಲಿ ಖಾಲಿಯಾಗಬೇಕು, ಇಲ್ಲಾಂದ್ರೆ ರುಚಿ ಕೆಡುತ್ತದೆ. ಅಂದರೆ ಊರಿನವರು ದಿನಾ ಬಂದರೆ ಮಾತ್ರ ಇಂಥ ಜಾಗ ಉಳಿಯೋದು, ಅಲ್ವಾ? ಹೊಗಳಿ ಫೋಟೋ ಹಾಕುವ ನನ್ನಂಥವರಿಂದ ಅಲ್ಲ.

ಊಟಕ್ಕೆ ಉದ್ದದ ಮೆನು ಇಲ್ಲ. ಮನೆಯಲ್ಲೇ ಮಾಡಿದ ಸೂಪು, ಒಳಗೆ ತುಂಬಿಸಿ ಕೊಡುವ ಬಿಸಿ ರೋಲು. ಹೊಟ್ಟೆ ತುಂಬಿತು.