ಊರಲ್ಲಿ ಕೇಳ್ತಾರೆ, ‘ಇನ್ನೂ ಟೆಸ್ಟಿಂಗಾ?’

ಬೆಂಗಳೂರಿನ ಐಟಿ ಲೋಕದಲ್ಲಿ ಬಾಯಿಬಿಟ್ಟು ಹೇಳದ ಒಂದು ಮೇಲು-ಕೀಳು ಇದೆ. ಮೇಲೆ ಡೆವಲಪರ್, ಕೆಳಗೆ ಟೆಸ್ಟರ್, ಇನ್ನೂ ಕೆಳಗೆ ‘ಬಿಲ್ಡ್ ನೋಡ್ಕೊಳ್ಳೋರು’, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವವರು. ಕ್ಯಾಂಪಸ್‌ನಲ್ಲಿ ಆಯ್ಕೆಯಾದ ಹುಡುಗ ಹುಡುಗಿಯರಿಗೆ ಟೆಸ್ಟಿಂಗ್ ಪ್ರಾಜೆಕ್ಟ್ ಸಿಕ್ಕರೆ ಮುಖ ಸಪ್ಪೆಯಾಗುತ್ತದೆ. ನಾನು ಆ ಕೆಳಗಿನ ಎರಡೂ ಕೆಲಸ ಮಾಡುವವಳು. ಅದೂ ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದು. ತಿಪಟೂರಿನಿಂದ ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ, “ಏನಮ್ಮಾ, ಇನ್ನೂ ಟೆಸ್ಟಿಂಗಲ್ಲೇ ಇದೀಯಾ? ಪ್ರೋಗ್ರಾಮಿಂಗ್‌ಗೆ ಹಾಕಲ್ವಂತಾ ನಿನ್ನ?” ಅನ್ನುತ್ತಾರೆ. ಅವರಿಗೆ ಫೋನಿನಲ್ಲಿ ಬಿಡಿಸಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಈ ಊರಿಗಿಂತ ಒಳ್ಳೆಯ ಜಾಗ ಕಡಿಮೆ. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಒದಗಿಸುವ ಕಂಪನಿ ಸೂಸೆ 1992ರಲ್ಲಿ ಹುಟ್ಟಿದ್ದು ಈ ಕಡೆಯೇ. ಅದರ ಬೆನ್ನಿಗೇ ಬೆಳೆದ ಓಪನ್‌ಸೂಸೆ ಸಮುದಾಯ ವರ್ಷಕ್ಕೊಮ್ಮೆ ಇಲ್ಲಿನ ಝಡ್-ಬೌ ಎಂಬ ಹಳೆಯ ಬ್ಯಾರಕ್ ಕಟ್ಟಡದಲ್ಲಿ ಸೇರುತ್ತದೆ. ನಾನಿರುವುದು ಆ ಕಂಪನಿಯಲ್ಲಲ್ಲ, ಊರಿನ ಇನ್ನೊಂದು ಸಣ್ಣ ಕಂಪನಿಯಲ್ಲಿ. ಆದರೆ ನಮ್ಮ ಸರ್ವರ್‌ಗಳು ಓಡುವುದು ಆ ಸಮುದಾಯ ಕಟ್ಟುವ ಓಪನ್‌ಸೂಸೆ ಲಿನಕ್ಸ್ ಮೇಲೆ. ಹಾಗಾಗಿ ನಮಗೆ ಬೇಕಾದ ಪ್ಯಾಕೇಜ್‌ಗಳನ್ನು ಅಲ್ಲಿ ಚೆನ್ನಾಗಿ ಇಟ್ಟುಕೊಳ್ಳುವುದೂ ನನ್ನ ಸಂಬಳದ ಕೆಲಸದಲ್ಲೇ ಸೇರಿದೆ.

ಲಿನಕ್ಸ್ ಎಂದು ನಾವು ಕರೆಯುವುದು ಒಬ್ಬರು ಒಂದು ಕಡೆ ಕೂತು ಬರೆದದ್ದಲ್ಲ. ಸಾವಿರಾರು ಪ್ರೋಗ್ರಾಂಗಳು, ಒಂದೊಂದನ್ನೂ ಬರೆದವರು ಬೇರೆ ಬೇರೆ. ಕೆಲವರಿಗೆ ಕಂಪನಿ ಸಂಬಳ ಕೊಡುತ್ತದೆ. ಎಷ್ಟೋ ಜನ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಬರೆಯುವವರು. ಅವರು ಬಿಡುಗಡೆ ಮಾಡುವುದು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ. ಅದನ್ನು ಕಂಪೈಲ್ ಮಾಡಿ (ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಂದು), ಒಂದಕ್ಕೊಂದು ಹೊಂದಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಆಜ್ಞೆಗೆ ಇನ್‌ಸ್ಟಾಲ್ ಆಗುವ ಪ್ಯಾಕೇಜ್ ಮಾಡುವವರು ನಾವು. ಬರೆದವರ ಮೇಜಿನ ಮೇಲೆ ಓಡಿದ್ದು ಎಲ್ಲರ ಮೇಜಿನ ಮೇಲೂ ಓಡಬೇಕಲ್ಲ, ಜಗಳ ಶುರುವಾಗುವುದೇ ಅಲ್ಲಿ.

ಓಪನ್‌ಸೂಸೆಯಲ್ಲಿ ಈ ಕೆಲಸ ನಡೆಯುವುದು ಓಪನ್ ಬಿಲ್ಡ್ ಸರ್ವಿಸ್ ಎಂಬ ವ್ಯವಸ್ಥೆಯಲ್ಲಿ. ಪ್ರತಿ ಪ್ಯಾಕೇಜಿಗೂ ಅದು ಒಂದು ಹೊಸ, ಖಾಲಿ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗಿನ ತಾತ್ಕಾಲಿಕ ಕಂಪ್ಯೂಟರ್) ಎಬ್ಬಿಸುತ್ತದೆ. ಏನು ಬೇಕು ಎಂದು ನಾವು ಪಟ್ಟಿಯಲ್ಲಿ ಬರೆದಿರುತ್ತೇವೋ ಅಷ್ಟನ್ನೇ ಒಳಗೆ ಹಾಕುತ್ತದೆ. ಇಂಟರ್ನೆಟ್ ಇಲ್ಲ. ಇದು ಹೊಸಬರಿಗೆ ಕಿರಿಕಿರಿ. ಈಗಿನ ಎಷ್ಟೋ ಪ್ರೋಗ್ರಾಂಗಳು ಬಿಲ್ಡ್ ಆಗುವಾಗಲೇ ಎಲ್ಲಿಂದಲೋ ಏನೇನೋ ಡೌನ್‌ಲೋಡ್ ಮಾಡಿಕೊಳ್ಳುವ ಚಾಳಿಯವು. ಇಲ್ಲಿ ಅದು ನಡೆಯುವುದಿಲ್ಲ. ಪ್ಯಾಕೇಜಿನ ಒಳಗೆ ಏನಿದೆ ಎಂಬುದು ಮೊದಲೇ ಗೊತ್ತಿರಬೇಕು, ನಾಳೆ ಆ ವೆಬ್‌ಸೈಟ್ ಮುಚ್ಚಿಹೋದರೂ ಬಿಲ್ಡ್ ಆಗಬೇಕು.

ಒಂದು ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್, ಬದಲಾದರೆ ಅದನ್ನು ನಂಬಿಕೊಂಡ ಎಲ್ಲವೂ ತಾವಾಗಿಯೇ ಮತ್ತೆ ಬಿಲ್ಡ್ ಆಗುತ್ತವೆ. ಬಹುತೇಕ ಎಲ್ಲವೂ ನಂಬಿಕೊಂಡಿರುವ ಸಿ ಲೈಬ್ರರಿಯನ್ನೋ ಕಂಪೈಲರನ್ನೋ ಮುಟ್ಟಿದರೆ ಮುಗಿಯಿತು, ಇಡೀ ಡಿಸ್ಟ್ರೊ (ಪ್ಯಾಕೇಜ್‌ಗಳೆಲ್ಲ ಸೇರಿದ ಲಿನಕ್ಸ್) ಮತ್ತೆ ಶುರುವಿನಿಂದ. ಅದಕ್ಕೇ ಬದಲಾವಣೆಗಳನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಸ್ಟೇಜಿಂಗ್ ಎಂಬ ಪಡಸಾಲೆಯಲ್ಲಿ ಕೂರಿಸುತ್ತಾರೆ. ಅಲ್ಲಿ ಬಿಲ್ಡ್ ಆಗಿ, ಟೆಸ್ಟ್ ಪಾಸಾಗಿ, ಒಬ್ಬ ಮನುಷ್ಯ ಕಣ್ಣಾಡಿಸಿದ ಮೇಲೆ ಒಳಗೆ. ಕೊನೆಗೆ ಟಂಬಲ್‌ವೀಡ್ ಎಂಬ ಹೆಸರಿನಲ್ಲಿ ಬಳಕೆದಾರರಿಗೆ ಹೋಗುತ್ತದೆ. ಟಂಬಲ್‌ವೀಡ್‌ಗೆ ಒಂದು, ಎರಡು ಎಂಬ ಆವೃತ್ತಿ ಸಂಖ್ಯೆ ಇಲ್ಲ, ತಾರೀಖೇ ಅದರ ಹೆಸರು. ವಾರದಲ್ಲಿ ಹಲವು ಸಲ ಹೊಸದು ಬರುತ್ತದೆ.

ಇಷ್ಟು ಬೇಗ ಬೇಗ ಬಿಡುಗಡೆ ಮಾಡುವ ಧೈರ್ಯ ಬರುವುದು ಓಪನ್‌ಕ್ಯೂಎ ಇರುವುದರಿಂದ. ನನಗೆ ತುಂಬಾ ಇಷ್ಟವಾದ ಸಾಫ್ಟ್‌ವೇರ್ ಇದು. ಜಾಸ್ತಿ ಬೈದಿರುವುದೂ ಇದನ್ನೇ. ಇದು ವರ್ಚುವಲ್ ಮಷೀನ್ ಆನ್ ಮಾಡಿ, ಪರದೆ ನೋಡುತ್ತದೆ. ನಿಜವಾಗಿಯೂ ನೋಡುತ್ತದೆ. ಪರದೆಯ ಚಿತ್ರ ತೆಗೆದು, ತನ್ನ ಬಳಿ ಇರುವ ಮಾದರಿ ಚಿತ್ರದ ಜೊತೆ ಹೋಲಿಸುತ್ತದೆ. ‘ಮುಂದೆ’ ಎಂಬ ಬಟನ್ ಕಂಡರೆ ಒತ್ತುತ್ತದೆ, ಪಾಸ್‌ವರ್ಡ್ ಕೇಳಿದರೆ ಕೀಬೋರ್ಡಿನಲ್ಲಿ ಹೊಡೆದಂತೆ ಒಂದೊಂದೇ ಅಕ್ಷರ ಹೊಡೆಯುತ್ತದೆ. ಇನ್‌ಸ್ಟಾಲ್ ಮಾಡಿ, ರೀಬೂಟ್ ಮಾಡಿ, ಫೈರ್‌ಫಾಕ್ಸ್ ತೆರೆದು, ಲಿಬ್ರೆಆಫೀಸ್ ತೆರೆದು ನೋಡುತ್ತದೆ. ಎಲ್ಲದರ ವಿಡಿಯೊ ಉಳಿಯುತ್ತದೆ, ಯಾರು ಬೇಕಾದರೂ ನೋಡಬಹುದು. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರೊದವರೂ ಇದನ್ನೇ ಬಳಸುತ್ತಾರೆ.

ಮಾದರಿ ಚಿತ್ರಗಳಿಗೆ ನೀಡಲ್ ಎನ್ನುತ್ತಾರೆ. ಅವುಗಳ ಸಂಸಾರ ದೊಡ್ಡದು. ಫಾಂಟ್ ಮೂಡಿಸುವ ಲೈಬ್ರರಿಯಲ್ಲಿ ಯಾರೋ ಚೂರು ತಿದ್ದಿರುತ್ತಾರೆ, ಅಕ್ಷರ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದಿರುತ್ತದೆ. ಮನುಷ್ಯನ ಕಣ್ಣಿಗೆ ಅದು ಕಾಣುವುದೂ ಇಲ್ಲ. ಬೆಳಗ್ಗೆ ಬಂದು ನೋಡಿದರೆ ಪುಟದ ತುಂಬ ಕೆಂಪು. ಆಗ ಒಂದೊಂದೇ ತೆರೆದು ಹೇಳಬೇಕು: ಇದು ಸುಮ್ನೆ ಹೊಸ ಚಿತ್ರ, ಒಪ್ಪಿಕೋ, ಇದು ನಿಜವಾದ ತೊಂದರೆ, ನಿಲ್ಲಿಸು. ಬೇಸರ ಬಂದು ಎಲ್ಲವನ್ನೂ ಒಪ್ಪಿಬಿಟ್ಟರೆ ಬಟನ್ ಮೇಲಿನ ಬರಹ ಅರ್ಧ ಕತ್ತರಿಸಿದ್ದೂ ‘ಸರಿ’ ಎಂದಾಗಿಬಿಡುತ್ತದೆ. ನಮ್ಮ ಕೆಲಸದ ಬುದ್ಧಿ ಬೇಕಾಗುವುದು ಕೋಡ್ ಬರೆಯುವಾಗ ಅಲ್ಲ, ಇಲ್ಲಿ. ಕೆಂಪು ಬಂದಾಗ ಮತ್ತೊಮ್ಮೆ ಓಡಿಸಿ ಹಸಿರು ಮಾಡಿಕೊಳ್ಳುವುದು ತುಂಬಾ ಸುಲಭ. ಅದು ಮೊದಲು ಯಾಕೆ ಕೆಂಪಾಗಿತ್ತು ಎಂದು ಹುಡುಕುವುದಕ್ಕೆ ಒಂದಿಡೀ ದಿನ ಹೋಗಬಹುದು.

ಇನ್ನೊಂದು ತಮಾಷೆಯ ಲೋಕ ಸಮಯದ್ದು. ಒಂದೇ ಸೋರ್ಸ್ ಕೋಡನ್ನು ಇವತ್ತು ಇಲ್ಲಿ, ನಾಳೆ ಬೇರೆಲ್ಲೋ ಬಿಲ್ಡ್ ಮಾಡಿದರೆ ಫಲಿತಾಂಶ ಬೈಟ್‌ ಬೈಟ್‌ಗೂ ಒಂದೇ ಇರಬೇಕು ಎಂಬುದು ರೀಪ್ರೊಡ್ಯೂಸಿಬಲ್ ಬಿಲ್ಡ್ಸ್ ಎಂಬ ಪ್ರಯತ್ನದ ಗುರಿ. ಡೆಬಿಯನ್ ಎಂಬ ಡಿಸ್ಟ್ರೊದ ಜನ 2013ರ ಸುಮಾರಿಗೆ ಇದನ್ನು ಗಟ್ಟಿಯಾಗಿ ಹಿಡಿದರು, ಈಗ ಹಲವು ಡಿಸ್ಟ್ರೊಗಳು ಸೇರಿವೆ. ಒಂದೇ ಆಗಿ ಬಂದರೆ, ನಾವು ಕೊಟ್ಟ ಪ್ಯಾಕೇಜಿನಲ್ಲಿ ಬಿಲ್ಡ್ ಆಗುವಾಗ ಯಾರೂ ಕೈಯಾಡಿಸಿಲ್ಲ ಎಂದು ಬೇರೆಯವರೂ ಪರೀಕ್ಷಿಸಿ ನೋಡಬಹುದು. ಆದರೆ ಪ್ರೋಗ್ರಾಂ ಬರೆಯುವವರಿಗೆ ‘ಇದು ಇಂಥ ದಿನ ಇಷ್ಟು ಗಂಟೆಗೆ ಬಿಲ್ಡ್ ಆಯಿತು’ ಎಂದು ಒಳಗೆ ಬರೆದಿಡುವ ಆಸೆ. ಇನ್ನು ಕೆಲವು ಕಡೆ ಡೈರೆಕ್ಟರಿಯಲ್ಲಿ ಫೈಲುಗಳು ಸಿಕ್ಕ ಕ್ರಮವೇ ಬೇರೆಯಾಗಿ ಎಲ್ಲ ಬದಲಾಗುತ್ತದೆ. ಇದನ್ನು ಹಿಡಿಯಲು ಮಷೀನಿನ ಗಡಿಯಾರವನ್ನು ಬೇಕೆಂದೇ ಮುಂದಕ್ಕೆ ತಿರುಗಿಸಿ ಬಿಲ್ಡ್ ಮಾಡುತ್ತೇವೆ. ಹತ್ತು ಹದಿನೈದು ವರ್ಷ ಮುಂದೆ ಹೋದರೆ ಇನ್ನೂ ಮಜಾ: ಟೆಸ್ಟ್‌ಗಾಗಿ ಇಟ್ಟ ಸರ್ಟಿಫಿಕೇಟ್‌ಗಳ ಅವಧಿ ಮುಗಿದಿರುತ್ತದೆ, 2038ರ ಜನವರಿ 19 ದಾಟಿದರೆ ಸೆಕೆಂಡು ಎಣಿಸುವ ಹಳೆಯ 32 ಬಿಟ್ ಗಡಿಯಾರ ತುಂಬಿ ಉಕ್ಕುತ್ತದೆ.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ವಿಶೇಷ ಸ್ಥಾನವಿದೆ. ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ನಮ್ಮದು ಐದೂವರೆ ಗಂಟೆ ಮುಂದೆ. ಬಿಲ್ಡ್ ಮಷೀನುಗಳು ಸಾಮಾನ್ಯವಾಗಿ ಓಡುವುದು ಯುಟಿಸಿ ಸಮಯದಲ್ಲಿ, ಬರೆದವರು ಹೆಚ್ಚಾಗಿ ಯುರೋಪಿನವರೋ ಅಮೆರಿಕದವರೋ. ಎಲ್ಲ ದೇಶಗಳ ವ್ಯತ್ಯಾಸವೂ ಪೂರ್ತಿ ಗಂಟೆಗಳಲ್ಲೇ ಇರುತ್ತದೆ ಎಂದುಕೊಂಡು ಬರೆದ ಟೆಸ್ಟ್‌ಗಳು ಆ ಅರ್ಧ ಗಂಟೆಗೆ ಮುಗ್ಗರಿಸುತ್ತವೆ. ಓಪನ್ ಸೋರ್ಸ್‌ಗೆ ನಾನು ಕಳಿಸಿದ ಮೊದಲ ತಿದ್ದುಪಡಿಯೇ ಅದು, ಬೆಂಗಳೂರಿನಲ್ಲಿದ್ದಾಗ. ಜರ್ಮನಿಯಲ್ಲಿ ಹಸಿರು, ಬನಶಂಕರಿಯಲ್ಲಿ ಕೆಂಪು! ಇಲ್ಲಿಗೆ ಬಂದ ಮೇಲೆ ಇನ್ನೊಂದು ತೊಂದರೆ ನೋಡಿದೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆ ರಾತ್ರಿ ಎರಡೂವರೆ ಗಂಟೆ ಎಂಬುದೇ ಇರುವುದಿಲ್ಲ. ಇದೆ ಎಂದುಕೊಂಡ ಟೆಸ್ಟ್‌ಗಳು ಬೀಳುತ್ತವೆ. ಊರಿಗೆ ಫೋನ್ ಮಾಡುವ ಲೆಕ್ಕವೂ ತಪ್ಪುತ್ತದೆ, ನಾಲ್ಕೂವರೆ ಗಂಟೆಯ ಅಂತರ ಮೂರೂವರೆ ಆಗುತ್ತದೆ.

ಮಾರ್ಚ್ ಎಂದರೆ 2024ರ ಮಾರ್ಚ್ ನೆನಪಾಗುತ್ತದೆ. ಆ ವರ್ಷ 29ನೇ ತಾರೀಖು ಗುಡ್ ಫ್ರೈಡೆ. ಬವೇರಿಯಾದಲ್ಲಿ ಅದು ಗಂಭೀರ ದಿನ, ಸಾರ್ವಜನಿಕವಾಗಿ ಕುಣಿಯುವುದಕ್ಕೂ ಕಾನೂನಿನ ತಡೆ. ಅಂಗಡಿಗಳಿಲ್ಲ, ರಸ್ತೆ ಖಾಲಿ. ಆ ದಿನವೇ ಎಕ್ಸ್‌ಝೆಡ್ ಸುದ್ದಿ ಹೊರಬಿತ್ತು.

ಎಕ್ಸ್‌ಝೆಡ್ ಎಂದರೆ ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ಸಣ್ಣ ಸಾಧನ. ಹೆಚ್ಚು ಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ, ಯಾರೂ ಗಮನಿಸುವುದಿಲ್ಲ. ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದ ಒಬ್ಬರೇ. ‘ಜಿಯಾ ಟಾನ್’ ಎಂಬ ಹೆಸರಿನ ಯಾರೋ 2021ರಿಂದ ಒಳ್ಳೆಯ ತಿದ್ದುಪಡಿಗಳನ್ನು ಕಳಿಸಿ, ನಂಬಿಕೆ ಗಳಿಸಿ, ಕೊನೆಗೆ ಜೊತೆಗಾರರಾಗಿ ಸೇರಿದರು. ಕೆಲಸ ಬೇಗ ಆಗುತ್ತಿಲ್ಲ, ಬೇರೆಯವರಿಗೂ ಅಧಿಕಾರ ಕೊಡಿ ಎಂದು ಬೇರೆ ಕೆಲವು ಹೆಸರುಗಳಿಂದ ಒತ್ತಡವೂ ಬಂದಿತ್ತು. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತು. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಹೆಚ್ ಮೂಲಕ ಒಳನುಗ್ಗುವ ಬಾಗಿಲು ಅದು.

ಅದನ್ನು ಎಲ್ಲಿ ಬಚ್ಚಿಟ್ಟಿದ್ದರು ಗೊತ್ತೇ? ಟೆಸ್ಟ್ ಫೈಲುಗಳಲ್ಲಿ. ಕೆಟ್ಟುಹೋದ ಫೈಲನ್ನು ಪ್ರೋಗ್ರಾಂ ಹೇಗೆ ನಿಭಾಯಿಸುತ್ತದೆ ಎಂದು ನೋಡಲು ಇಟ್ಟ ಕೆಟ್ಟ ಫೈಲು, ಅದನ್ನು ಯಾರು ತೆರೆದು ಓದುತ್ತಾರೆ? ಅದನ್ನು ಎಬ್ಬಿಸುವ ಸಾಲುಗಳು ಬಿಲ್ಡ್ ಸ್ಕ್ರಿಪ್ಟಿನಲ್ಲಿದ್ದವು. ಅವೂ ಕೋಡಿನ ಪ್ರತಿ ಬದಲಾವಣೆ ದಾಖಲಾಗುವ, ಎಲ್ಲರೂ ನೋಡುವ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಸೋರ್ಸ್ ಫೈಲುಗಳನ್ನೆಲ್ಲ ಸೇರಿಸಿ ಕಟ್ಟಿದ ಗಂಟು) ಮಾತ್ರ. ಡೆಬಿಯನ್ ಪ್ಯಾಕೇಜ್ ಇಲ್ಲವೇ ನಾವು ಮಾಡುವ ಆರ್‌ಪಿಎಂ ಎಂಬ ಬಗೆಯ ಪ್ಯಾಕೇಜ್ ತಯಾರಾಗುತ್ತಿದೆಯೇ ಎಂದು ಆ ಸ್ಕ್ರಿಪ್ಟ್ ಮೊದಲು ನೋಡುತ್ತಿತ್ತು. ಅಂದರೆ ನಮ್ಮಂಥವರ ಬಿಲ್ಡ್ ಮಷೀನಿನಲ್ಲಿ ಮಾತ್ರ ಎದ್ದೇಳುತ್ತಿತ್ತು! ಸಿಕ್ಕಿದ್ದು ಹೇಗೆ ಎಂದರೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ತಮ್ಮ ಮಷೀನಿನಲ್ಲಿ ವೇಗ ಅಳೆಯುತ್ತಿದ್ದಾಗ ಲಾಗಿನ್ ಸುಮಾರು ಅರ್ಧ ಸೆಕೆಂಡು ಜಾಸ್ತಿ ತೆಗೆದುಕೊಳ್ಳುತ್ತಿರುವುದನ್ನು ಗಮನಿಸಿದರು. ಗಮನಿಸಿ ಸುಮ್ಮನಾಗಲಿಲ್ಲ, ಬೇರಿನವರೆಗೆ ಅಗೆದರು.

ಟಂಬಲ್‌ವೀಡ್‌ನಲ್ಲೂ ಆ ಆವೃತ್ತಿ ಮಾರ್ಚ್ 7ರಿಂದ 28ರವರೆಗೆ ಇತ್ತು. ಗೊತ್ತಾದ ಕೂಡಲೇ ಹಿಂದಕ್ಕೆ ತೆಗೆದರು. ಎಸ್‌ಎಸ್‌ಹೆಚ್ ಅನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರು ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವುದು ಒಳ್ಳೆಯದು ಎಂದೂ ಹೇಳಿದರು. ನಾನು ಆ ರಜೆಯನ್ನು ನಮ್ಮ ಸರ್ವರ್‌ಗಳ ಪಟ್ಟಿ ಹಿಡಿದುಕೊಂಡು ಕಳೆದೆ. ನಾವು ಬಳಸುತ್ತಿದ್ದದ್ದು ಹಳೆಯ ಆವೃತ್ತಿ, ಬಚಾವ್. ಆದರೆ ನನ್ನ ತಲೆ ತಿಂದದ್ದು ಬೇರೆ ವಿಷಯ. ಬಿಲ್ಡ್ ಹಸಿರು. ಟೆಸ್ಟ್ ಹಸಿರು. ಕೆಡುಕು ಸೋರ್ಸಿನ ಜೊತೆಗೇ ಬಂದಿದ್ದರಿಂದ, ಎರಡು ಕಡೆ ಬಿಲ್ಡ್ ಮಾಡಿ ಹೋಲಿಸಿದರೂ ಎರಡೂ ಒಂದೇ ಬರುತ್ತಿದ್ದವು. ನಾವು ಕಟ್ಟಿದ ಯಾವ ಗೇಟೂ ಅದನ್ನು ತಡೆಯುತ್ತಿರಲಿಲ್ಲ. ತಡೆದದ್ದು ಅರ್ಧ ಸೆಕೆಂಡಿಗೆ ತಲೆಕೆಡಿಸಿಕೊಂಡ ಒಬ್ಬ ಮನುಷ್ಯ. ಆಮೇಲಿಂದ ಟಾರ್‌ಬಾಲ್‌ನಲ್ಲಿರುವುದೂ ಗಿಟ್‌ನಲ್ಲಿರುವುದೂ ಒಂದೇನಾ ಎಂದು ನೋಡದೆ ನಾನು ಯಾವ ಅಪ್‌ಡೇಟನ್ನೂ ಕಳಿಸುವುದಿಲ್ಲ. ಚಿಕ್ಕಪ್ಪನಿಗೆ ಈ ಕತೆ ಹೇಳಿದಾಗ, “ಹಾಗಾದ್ರೆ ಅವನೂ ಟೆಸ್ಟಿಂಗಾ?” ಅಂದರು. ಅಲ್ಲ ಚಿಕ್ಕಪ್ಪ, ಅವರು ಡೆವಲಪರ್. ಆದರೆ ಆ ದಿನ ಅವರು ಮಾಡಿದ್ದು ನಮ್ಮ ಕೆಲಸವೇ.

ಇಲ್ಲಿನ ಬದುಕಿನ ಬಗ್ಗೆಯೂ ಒಂದೆರಡು ಮಾತು. ಸುರಂಗದ ಮೆಟ್ರೊದಲ್ಲಿ ಯು2, ಯು3 ಸಾಲುಗಳಿಗೆ ಡ್ರೈವರ್ ಇಲ್ಲ. 2008ರಲ್ಲಿ ಯು3 ಶುರುವಾದಾಗ ಜರ್ಮನಿಗೇ ಅದು ಮೊದಲನೆಯದು. ಮುಂದಿನ ಗಾಜಿನ ಹತ್ತಿರದ ಸೀಟಿಗೆ ಮಕ್ಕಳ ಜೊತೆ ನಾನೂ ಪೈಪೋಟಿ ಮಾಡುತ್ತೇನೆ. ಸಂಜೆ ಐದಾದರೆ ಆಫೀಸು ಖಾಲಿ, ಯಾರೂ ಅದಕ್ಕೆ ಸಬೂಬು ಹೇಳುವುದಿಲ್ಲ. ಊಟದ ಕಷ್ಟ ಸಸ್ಯಾಹಾರಿಗಳಿಗೆ ಜಾಸ್ತಿ, ಈ ಊರಿನ ಹೆಮ್ಮೆಯೇ ಬೆರಳುದ್ದದ ಸಾಸೇಜು.

ನನಗೆ ಒಗ್ಗಲು ಹೊತ್ತು ಹಿಡಿದದ್ದು ಮಾತಿನ ರೀತಿ. ಬೆಂಗಳೂರಿನ ಹಿಂದಿನ ಕೆಲಸದಲ್ಲಿ ದೋಷ ಸಿಕ್ಕರೆ ಮೊದಲು ಮ್ಯಾನೇಜರ್ ಕಿವಿಗೆ, ಕ್ಲೈಂಟಿಗೆ ಆಮೇಲೆ, ಸಿಹಿ ಸವರಿ. ಇಲ್ಲಿ ಎಲ್ಲ ಬಯಲಿನಲ್ಲೇ. ನಾನು ಕಳಿಸಿದ ಪ್ಯಾಕೇಜ್ ಯಾಕೆ ಬೇಡ ಎಂಬುದನ್ನು ಯಾರೋ ಮುಖ ನೋಡದವರು ಒಂದು ಸಾಲಿನಲ್ಲಿ ಬರೆದಿರುತ್ತಾರೆ, ನಮಸ್ಕಾರ ಕೂಡ ಇಲ್ಲದೆ. ಅದನ್ನು ಜಗತ್ತೇ ಓದಬಹುದು. ಅದೇ ವ್ಯಕ್ತಿ ವಾರ್ಷಿಕ ಸಭೆಯಲ್ಲಿ ಸಿಕ್ಕಿ ಕಾಫಿ ತಂದುಕೊಟ್ಟು ಅರ್ಧ ಗಂಟೆ ಕೂತು ಸ್ಪೆಕ್ ಫೈಲ್ (ಪ್ಯಾಕೇಜ್ ಹೇಗೆ ಕಟ್ಟಬೇಕೆಂದು ಬರೆದ ಫೈಲು) ತಿದ್ದಿಸುತ್ತಾರೆ. ನನಗೆ ಈ ಒರಟುತನದ ಮೇಲೆ ಪ್ರೀತಿಯೇನಿಲ್ಲ. ಒಂದು ನಮಸ್ಕಾರಕ್ಕೆ ಎಷ್ಟು ಹೊತ್ತು ಬೇಕು? ಆದರೆ ಏನು ತಪ್ಪಾಗಿದೆ ಎಂದು ಊಹಿಸುತ್ತಾ ಕೂರುವ ಕಷ್ಟ ಇಲ್ಲಿಲ್ಲ.

ತಿಪಟೂರು, ಹಾಸನ, ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಆಗಾಗ ಕೇಳುತ್ತಾರೆ, ಅಕ್ಕಾ ಎಲ್ಲಿಂದ ಶುರು ಮಾಡೋದು ಎಂದು. ಇದಕ್ಕೆ ವೀಸಾ ಬೇಕಿಲ್ಲ. ಓಪನ್ ಬಿಲ್ಡ್ ಸರ್ವಿಸ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆಯಬಹುದು, ನಿಮ್ಮದೇ ಒಂದು ಜಾಗ ಸಿಗುತ್ತದೆ, ಕಂಪೈಲ್ ಮಾಡುವ ಕಷ್ಟ ಅವರ ಮಷೀನುಗಳದ್ದು. ಹಳೆಯ ಲ್ಯಾಪ್‌ಟಾಪ್ ಸಾಕು. ಬಿಲ್ಡ್ ಬಿದ್ದಿರುವ ಒಂದು ಪ್ಯಾಕೇಜ್ ಆರಿಸಿ, ಲಾಗ್ (ಬಿಲ್ಡ್ ಆಗುವಾಗ ಮೂಡಿದ ದಾಖಲೆ) ಓದಿ. ಲಾಗ್ ಉದ್ದ ಇರುತ್ತದೆ, ಕೊನೆಯಿಂದ ಓದಬೇಡಿ. ಕೊನೆಯಲ್ಲಿ ಕಾಣುವುದು ಬರೀ ಪರಿಣಾಮ, ಮೊದಲ ದೋಷ ತುಂಬಾ ಮೇಲೆಲ್ಲೋ ಇರುತ್ತದೆ. ಟೆಸ್ಟ್‌ಗಳನ್ನು ನಿಮ್ಮ ಕಂಪ್ಯೂಟರಿನಲ್ಲೂ ಓಡಿಸಿ ನೋಡಿ, ಅದು ಭಾರತದ ಸಮಯದಲ್ಲೇ ಇರಲಿ, ಯುಟಿಸಿಗೆ ಬದಲಾಯಿಸಬೇಡಿ. ಆ ಅರ್ಧ ಗಂಟೆಗೆ ಬೀಳುವ ಟೆಸ್ಟ್‌ಗಳು ಇನ್ನೂ ಬೇಕಾದಷ್ಟಿವೆ.