ಆಯಿ, ವೀರಭದ್ರ ಮತ್ತು ದಕ್ಷನ ತಲೆ

ನಮ್ಮ ಮನೆದೇವರು ಗೊಡಚಿ ವೀರಭದ್ರ. ರಾಮದುರ್ಗದ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರಿಗೇ ತಿಳಿಯುತ್ತದೆ. ಮನೆಯಲ್ಲಿ ಮದುವೆ ಇದ್ದರೆ ಮೊದಲು ಗುಗ್ಗಳದ ಮೆರವಣಿಗೆ, ಆಮೇಲೆ ಅಕ್ಕಿಕಾಳು, ಅಂದರೆ ಅಕ್ಷತೆ. ಹೊಸ್ತಿಲ ಹುಣ್ಣಿಮೆಗೆ ಜಾತ್ರೆ. ಜಾತ್ರೆಯಿಂದ ಬರುವಾಗ ಚೀಲದ ತುಂಬ ಬಾರೆಹಣ್ಣು. ತಿಂದು ಗಂಟಲು ಕಟ್ಟಿಕೊಂಡು, ಅವ್ವನ ಕೈಲಿ ಬೈಸಿಕೊಳ್ಳುವುದೂ ಜಾತ್ರೆಯ ಲೆಕ್ಕದಲ್ಲೇ ಬರುತ್ತದೆ.

ಚಿಕ್ಕವಳಿದ್ದಾಗ ನನಗೆ ದೇವರಿಗಿಂತ, ಅವನ ಕಥೆ ಹೇಳುತ್ತ ಕುಣಿಯುವ ಪುರವಂತರ ಭಯವೇ ಜಾಸ್ತಿ ಇತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕಾವಿ ಬಟ್ಟೆ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಕತ್ತಿ. ಸಂಬಾಳ ವಾದ್ಯದ ಸದ್ದು ಓಣಿಯ ಆ ತುದಿಯಲ್ಲಿ ಕೇಳಿದರೆ ನಾನು ಆಯಿಯ, ಅಂದರೆ ಅಪ್ಪನ ಅವ್ವನ, ಸೆರಗಿನ ಹಿಂದೆ. "ಅಹಹಾ ರುದ್ರಾ! ಅಹಹಾ ದೇವಾ!" ಅಂತ ಅವರು ಒಂದೇ ಉಸಿರಿಗೆ ಕೂಗಿದರೆ ಕಟ್ಟಿದ ಎಮ್ಮೆಯೂ ಹಗ್ಗ ಜಗ್ಗುತ್ತಿತ್ತು.

ನಮ್ಮ ಕಾಕಾ ಪ್ರತಿ ಸಲ ಗುಗ್ಗಳದಲ್ಲಿ ಶಸ್ತ್ರ ಹಾಕಿಸಿಕೊಳ್ಳುತ್ತಿದ್ದರು. ಪುರವಂತರು ಕೆನ್ನೆಗೆ ವಿಭೂತಿ ಒತ್ತಿ, ಉದ್ದನೆಯ ಸೂಜಿಯಂಥ ಶಸ್ತ್ರವನ್ನು ಒಂದು ಕಡೆಯಿಂದ ಚುಚ್ಚಿ ಇನ್ನೊಂದು ಕಡೆ ತೆಗೆಯುತ್ತಿದ್ದರು. ಬಾಯಿ ಅಗಲಿಸಿಕೊಂಡೇ ಕಾಕಾ ಮೆರವಣಿಗೆಯಲ್ಲಿ ನಡೆಯುತ್ತಿದ್ದರು. ಒಂದು ಹನಿ ರಕ್ತವೂ ಬರೋದಿಲ್ಲ ಅಂತ ಊರವರು ಹೇಳುತ್ತಾರೆ. ಹಾಗೇನಿಲ್ಲ, ಸ್ವಲ್ಪ ಬರುತ್ತದೆ, ನಾನೇ ನೋಡಿದ್ದೇನೆ. ಸಂಜೆ ಅದೇ ಕಾಕಾ ಗೋಧಿ ಹುಗ್ಗಿ ಉಣ್ಣುವಾಗ ಮಾತ್ರ, "ಬಿಸಿ ಭಾಳ ಐತಿ, ಆರಿಸಿ ಕೊಡ್ರಿ" ಅನ್ನುತ್ತಿದ್ದರು.

ಗುಗ್ಗಳ ನೋಡದವರಿಗೆ ಎರಡು ಮಾತು. ಅರ್ಧ ಮಾಡಿದ ಮಣ್ಣಿನ ಕೊಡದಲ್ಲಿ ಬೆಂಕಿ ಮಾಡಿ, ಅದಕ್ಕೆ ಗುಗ್ಗಳ ಮರದ ಅಂಟು, ಕೊಬ್ಬರಿ, ತುಪ್ಪ ಹಾಕುತ್ತಾರೆ. ಉರಿಯುವ ಆ ಕೊಡವನ್ನು ಹೊತ್ತು ಮನೆಯವರು ಗುಡಿಗೆ ಹೋಗಬೇಕು. ದಾರಿಯುದ್ದಕ್ಕೂ ಪುರವಂತರು ಅಲ್ಲಲ್ಲಿ ನಿಂತು ಒಡಪು ಹೇಳುತ್ತಾರೆ. ಒಡಪು ಅಂದರೆ ವೀರಭದ್ರನ ಕಥೆ. ಹಾಡೂ ಅಲ್ಲ, ಮಾತೂ ಅಲ್ಲ, ಎರಡರ ನಡುವಿನ ಗರ್ಜನೆ. 13ನೇ ಶತಮಾನದ ರಾಘವಾಂಕ ಇದೇ ದೇವರ ಮೇಲೆ 'ವೀರೇಶ ಚರಿತೆ' ಬರೆದದ್ದು ಉದ್ದಂಡ ಷಟ್ಪದಿಯಲ್ಲಿ. ಆ ಹೆಸರು ಕಾಲೇಜಿನಲ್ಲಿ ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ನಮ್ಮೂರಿನ ಪುರವಂತರ ಗಂಟಲು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ದಕ್ಷಯಜ್ಞ. ಆದರೆ ಜಗಳ ಶುರುವಾದದ್ದು ಎಲ್ಲಿಂದ ಅಂತ ನೋಡಿ. ಒಂದು ಸಭೆಗೆ ದಕ್ಷ ಬಂದ. ಕೂತವರೆಲ್ಲ ಎದ್ದು ನಿಂತರು. ಅಳಿಯ ಶಿವ ಏಳಲಿಲ್ಲ. ಅಷ್ಟೇ! ಬ್ರಹ್ಮನೂ ಎದ್ದಿರಲಿಲ್ಲ, ಆದರೆ ಅವನು ಅಪ್ಪ, ನಡೆಯುತ್ತದೆ. ಅಳಿಯ ಏಳದಿದ್ದರೆ ಮಾವನಿಗೆ ಏನಾಗುತ್ತದೆ ಅಂತ ನಮ್ಮ ಕಡೆ ಯಾವ ಮದುವೆ ಮನೆಗೆ ಹೋದರೂ ಗೊತ್ತಾಗುತ್ತದೆ. ದಕ್ಷ ಯಜ್ಞ ಮಾಡಿ ಊರಿಗೆಲ್ಲ ಹೇಳಿಕಳಿಸಿದ, ಮಗಳು ಅಳಿಯನನ್ನು ಬಿಟ್ಟ. ಆ ಯಜ್ಞ ನಡೆದದ್ದು ಹರಿದ್ವಾರದ ಹತ್ತಿರದ ಕನಖಲದಲ್ಲಿ ಅನ್ನುತ್ತಾರೆ. ನನ್ನ ತಲೆಯಲ್ಲಿ ಮಾತ್ರ ಅದು ಮಲಪ್ರಭೆ ದಂಡೆಯ ಯಾವುದೋ ದೊಡ್ಡ ವಾಡೆಯಲ್ಲೇ ನಡೆಯುತ್ತದೆ.

ದಾಕ್ಷಾಯಣಿ ಕರೆಯದಿದ್ದರೂ ಹೊರಟಳು. ತವರು ಅಲ್ವಾ. ಹೋದರೆ ಯಾರೂ ಮಾತಾಡಿಸಲಿಲ್ಲ. ದಕ್ಷನಿಗೆ ಹೆದರಿ ಎಲ್ಲರೂ ಮುಖ ತಿರುಗಿಸಿದರು. ತಾಯಿ ಮತ್ತು ಅಕ್ಕತಂಗಿಯರು ಮಾತ್ರ ಬಂದು ತಬ್ಬಿಕೊಂಡರು ಅಂತ ಭಾಗವತದಲ್ಲಿ ಬರುತ್ತದೆ.

ಒಡಪು ಇಲ್ಲಿಗೆ ಬಂದಾಗ ನಮ್ಮ ಆಯಿ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಪ್ರತಿ ಸಲವೂ. ನಾನು ಅದನ್ನು ಭಕ್ತಿ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಅವ್ವ ಹೇಳಿದಳು. ಆಯಿಯ ಅಣ್ಣ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದರಂತೆ. ಅಜ್ಜನಿಗೂ ಅವರಿಗೂ ಒಂದು ಜೋಡಿ ಎತ್ತಿನ ವ್ಯವಹಾರದಲ್ಲಿ ಮಾತು ಬಂದು, ಆಯಿಗೆ ಕರೆಯೇ ಬರಲಿಲ್ಲ. ಆದರೂ ಆಯಿ ಬುತ್ತಿ ಕಟ್ಟಿಕೊಂಡು, ಅತ್ತಿಗೆಗೆ ಒಂದು ಕುಪ್ಪಸದ ಖಣ ತೆಗೆದುಕೊಂಡು, ನಮ್ಮಪ್ಪನನ್ನು ಬಗಲಲ್ಲಿ ಎತ್ತಿಕೊಂಡು ಹೋದಳು. ಕಾಲು ತೊಳೆಯಲು ಒಂದು ತಂಬಿಗೆ ನೀರು ಯಾರೂ ಕೊಡಲಿಲ್ಲ. ಅವಳ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳಂತೆ. ಆಯಿ ಕಟ್ಟಿದ ಬುತ್ತಿ ಬಿಚ್ಚದೆ ಅದೇ ದಿನ ತಿರುಗಿ ಬಂದಳು. ಆಮೇಲೆ ತವರಿನ ಸೀರೆ ಉಡಲಿಲ್ಲ.

ಆ ಕಥೆ ಕೇಳಿದ ಮೇಲೆ ವೀರಭದ್ರ ನನಗೆ ಬೇರೆಯೇ ಕಾಣಿಸತೊಡಗಿದ. ಒಡಪಿನಲ್ಲಿ ದಾಕ್ಷಾಯಣಿ ಹೋಮಗುಂಡಕ್ಕೆ ಹಾರುತ್ತಾಳೆ. ಭಾಗವತದಲ್ಲಿ ಯೋಗದಿಂದ ತನ್ನ ಮೈಯಲ್ಲೇ ಬೆಂಕಿ ಹುಟ್ಟಿಸಿಕೊಳ್ಳುತ್ತಾಳೆ. ಸುದ್ದಿ ಕೇಳಿ ಶಿವ ತನ್ನ ಜಡೆಯ ಒಂದು ಎಳೆ ಕಿತ್ತು ನೆಲಕ್ಕೆ ಬಡಿಯುತ್ತಾನೆ. ಅದರಿಂದ ಎದ್ದವನು ಇವನು. "ಏನು ಮಾಡಲಿ?" ಅಂತ ಕೇಳಿಕೊಂಡೇ ಹುಟ್ಟಿದವನು. ಕೆಡಿಸು ಅಂದರು, ಕೆಡಿಸಿದ. ಭೃಗುವಿನ ಗಡ್ಡ ಕಿತ್ತ. ಕಣ್ಸನ್ನೆ ಮಾಡಿದ್ದ ಭಗನ ಕಣ್ಣು ತೆಗೆದ. ಹಲ್ಲು ಕಿರಿದು ನಕ್ಕಿದ್ದ ಪೂಷನ ಹಲ್ಲು ಉದುರಿಸಿದ. ಯಾರು ಯಾವುದರಿಂದ ಶಿವನನ್ನು ಅವಮಾನಿಸಿದರೋ ಅದಕ್ಕೇ ಪೆಟ್ಟು, ಲೆಕ್ಕ ಇಟ್ಟ ಹಾಗೆ. ದಕ್ಷನ ಕುತ್ತಿಗೆಗೆ ಆಯುಧ ನಾಟಲಿಲ್ಲ. ಕೊನೆಗೆ ಯಜ್ಞದ ಪಶುವನ್ನು ಕೊಲ್ಲುವ ರೀತಿಯಲ್ಲೇ ತಲೆ ತೆಗೆದು, ಅದನ್ನು ಬೆಂಕಿಗೆ ಎಸೆದ.

ಸಣ್ಣವಳಿದ್ದಾಗ ಒಮ್ಮೆ ಆಯಿಯನ್ನು ಕೇಳಿದ್ದೆ, ಉರಿಯುವ ಕೊಡ ಯಾಕೆ ಹೊರಬೇಕು ಅಂತ. "ದಕ್ಷನ ಹೋಮದ ಗುಂಡ ಕಿತ್ತು ತಂದಾನವ್ವಾ. ಅದು ಮತ್ತ ಅಲ್ಲೇ ಉರೀಬಾರ್ದು ನೋಡು" ಅಂದಿದ್ದಳು.

ದೇವತೆಗಳು ಕೈಲಾಸಕ್ಕೆ ಹೋಗಿ ಬೇಡಿಕೊಂಡರು. ಶಿವ ತಣ್ಣಗಾದ. ದಕ್ಷನ ತಲೆ ಸುಟ್ಟುಹೋಗಿತ್ತಲ್ಲ, ಬೇರೆ ತಲೆ ಜೋಡಿಸಿದರು. ಪುರಾಣದಲ್ಲಿ ಆಡಿನ ತಲೆ. ನಮ್ಮ ಕಡೆ ಕುರಿ ತಲೆ ಅನ್ನುತ್ತಾರೆ. ವೀರಭದ್ರನ ಹಳೆಯ ಮೂರ್ತಿಗಳ ಕಾಲ ಬಳಿ ಕೈಮುಗಿದು ನಿಂತ ಪುಟ್ಟ ದಕ್ಷ ಇರುತ್ತಾನೆ, ಕೊಂಬು ಕಿವಿ ಸಮೇತ. ಬೇರೆ ಊರುಗಳ ಗುಡಿಗೆ ಹೋದರೆ ನಾನು ದೇವರ ಮುಖಕ್ಕಿಂತ ಮೊದಲು ಅವನನ್ನೇ ಹುಡುಕುತ್ತೇನೆ.

ಈ ಕುರಿ ತಲೆಯ ಭಾಗವನ್ನು ಆಯಿ ಯಾವತ್ತೂ ನಿಂತು ಕೇಳಿದವಳಲ್ಲ. ದಕ್ಷನ ತಲೆ ಹಾರಿತೋ ಇಲ್ಲವೋ, "ಆತಲ್ಲ, ಮುಗೀತು" ಅಂತ ನೆರಿಗೆ ಕೊಡವಿಕೊಂಡು ಅಡುಗೆ ಕಡೆ ಹೋಗಿಬಿಡುತ್ತಿದ್ದಳು.

ಹೋದ ವರ್ಷ ನನ್ನ ತಮ್ಮನ ಮದುವೆ ಆಯಿತು. ಬೆಳಗಾವಿಯಲ್ಲೇ, ಮಂಗಲ ಕಾರ್ಯಾಲಯದಲ್ಲಿ. ಅಕ್ಕಿಕಾಳು ಹನ್ನೆರಡೂವರೆಗೆ. ಗುಗ್ಗಳ ಬೆಳಿಗ್ಗೆಯೇ ಹೊರಡಬೇಕಿತ್ತು, ಫೋಟೋದವರಿಂದ ತಡವಾಯಿತು. ಊರಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಮೆರವಣಿಗೆ ಇಲ್ಲಿ ಎರಡು ಓಣಿ ದಾಟಿ ಮುಗಿಯಬೇಕು. ಹಿಂದೆ ಕಾರುಗಳ ಹಾರ್ನ್ ಬೇರೆ. ಕಾಕಾನಿಗೆ ಈಗ ಸಕ್ಕರೆ ಕಾಯಿಲೆ, ಶಸ್ತ್ರ ಬಿಟ್ಟಿದ್ದಾರೆ. ಸುಮ್ನೆ ಕೆನ್ನೆ ಸವರಿಕೊಳ್ಳುತ್ತ ಮುಂದೆ ನಡೆಯುತ್ತಿದ್ದರು. ಆಯಿಗೆ ನಡೆಯಲಾಗುವುದಿಲ್ಲ, ಕಾರ್ಯಾಲಯದ ಬಾಗಿಲಲ್ಲಿ ಪ್ಲಾಸ್ಟಿಕ್ ಖುರ್ಚಿ ಹಾಕಿ ಕೂರಿಸಿದ್ದೆವು. ಅವಳ ಅಣ್ಣ ತೀರಿಕೊಂಡು ಆರು ವರ್ಷ ಆಗಿತ್ತು. ಅವರ ಮೊಮ್ಮಗ ಆಹೇರಿ ತೆಗೆದುಕೊಂಡು ಮದುವೆಗೆ ಬಂದಿದ್ದ, ಒಂದು ಇಳಕಲ್ ಸೀರೆ. ಆಯಿ ಅದನ್ನು ಬೇಡ ಅನ್ನಲಿಲ್ಲ, ಬಿಚ್ಚಿಯೂ ನೋಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಬಾಗಿಲ ಮುಂದೆ ಕೊನೆಯ ಒಡಪು. ಪುರವಂತರು ವಯಸ್ಸಿನ ಹುಡುಗರು, ಗಂಟಲು ಚೆನ್ನಾಗಿತ್ತು. ಗಡಿಯಾರ ನೋಡುತ್ತ ದಾಕ್ಷಾಯಣಿಯನ್ನು ಎರಡೇ ಸಾಲಲ್ಲಿ ತವರಿಗೆ ಕಳಿಸಿದರು. ಕತ್ತಿ ಬೀಸಿ ದಕ್ಷನ ತಲೆ ಹಾರಿಸಿದರು. ಸಂಬಾಳ ನಿಂತಿತು. ಜನ ಒಳಗೆ ನುಗ್ಗತೊಡಗಿದರು. ಪುರವಂತ ಹುಡುಗ ಬಗ್ಗಿ ಗೆಜ್ಜೆ ಬಿಚ್ಚುತ್ತಿದ್ದ.

"ತಮ್ಮಾ, ಏ ತಮ್ಮಾ" ಅಂತ ಆಯಿ ಕರೆದಳು. "ಕುರಿ ತಲಿ ಹಚ್ಚೂದು ಬಿಟ್ಟೆಲ್ಲೋ."

"ಟೈಮ್ ಆಗೇತಿ ಆಯಿ, ಅಕ್ಕಿಕಾಳು ಬೀಳ್ತಾವ."

"ಬೀಳಲಿ. ತಲಿ ಹಚ್ಚಿ ಹೋಗು. ಹಂಗ ಬಿಟ್ಟು ಹೋಗಬ್ಯಾಡ."

ಆ ಹುಡುಗ ನನ್ನ ಮುಖ ನೋಡಿದ. ನಾನೇನು ಹೇಳಲಿ? ಮತ್ತೆ ಗೆಜ್ಜೆ ಕಟ್ಟಿಕೊಂಡು, ಸಂಬಾಳದವನಿಗೆ ಸನ್ನೆ ಮಾಡಿ, ಖಾಲಿ ಬಾಗಿಲಲ್ಲಿ ಆಯಿ ಒಬ್ಬಳ ಮುಂದೆ ನಿಂತು ದಕ್ಷನಿಗೆ ತಲೆ ಜೋಡಿಸಿದ. ಆಯಿ ಪೂರ್ತಿ ಕೇಳಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಟ್ಟಳು.