ಬ್ಲಾಕ್ಸ್‌ಬರ್ಗ್‌ನ ನಾರಿಸ್ ಹಾಲ್

2007ರ ಏಪ್ರಿಲ್ 16ರಂದು ಅಮೆರಿಕದ ಬ್ಲಾಕ್ಸ್‌ಬರ್ಗ್ ಪಟ್ಟಣದಲ್ಲಿರುವ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ನಡೆದ ಗುಂಡಿನ ದಾಳಿಗೆ 32 ಮಂದಿ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರು ಬಲಿಯಾದರು. ತಮಿಳುನಾಡಿನಲ್ಲಿ ಹುಟ್ಟಿ, ಈ ವಿಶ್ವವಿದ್ಯಾಲಯದಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್ ಜಿ. ವಿ. ಲೋಗನಾಥನ್ ಅವರೂ ಮಡಿದವರಲ್ಲಿ ಒಬ್ಬರು. ಆ ಸಮುದಾಯ ದುಃಖವನ್ನು ಹೊತ್ತ ರೀತಿಯ ಕುರಿತು ಇಂದು ಮತ್ತೆ ಓದುತ್ತಿದ್ದೆ. ವಿದ್ಯಾರ್ಥಿಗಳೇ ಮೈದಾನದಲ್ಲಿ ಅರ್ಧವೃತ್ತಾಕಾರವಾಗಿ ಇಟ್ಟ 32 ಕಲ್ಲುಗಳು ಮುಂದೆ ಶಾಶ್ವತ ಸ್ಮಾರಕಕ್ಕೆ ಮಾದರಿಯಾದವು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ನಾರಿಸ್ ಹಾಲ್. ಅತಿ ಹೆಚ್ಚು ಸಾವುಗಳಾದ ಆ ಕಟ್ಟಡವನ್ನು ಕೆಡವದೆ, ಅಲ್ಲಿಯೇ ಶಾಂತಿ ಅಧ್ಯಯನ ಮತ್ತು ಹಿಂಸಾ ತಡೆ ಕೇಂದ್ರವನ್ನು ತೆರೆದರು. ಅಂದು ತರಗತಿಯಲ್ಲಿಯೇ ಹತರಾದ ಫ್ರೆಂಚ್ ಅಧ್ಯಾಪಕಿಯ ಪತಿ, ತೋಟಗಾರಿಕಾ ವಿಭಾಗದ ಮುಖ್ಯಸ್ಥರಾಗಿದ್ದವರು (ಶಾಂತಿ ಅಧ್ಯಯನ ಅವರ ವಿಷಯವೇ ಅಲ್ಲ), ಅದರ ಮೊದಲ ನಿರ್ದೇಶಕರಾದರು. ಹೆಂಡತಿಯನ್ನು ಕಳೆದುಕೊಂಡ ಕಟ್ಟಡದಲ್ಲಿಯೇ ಕುಳಿತು ಕೆಲಸ ಮಾಡುವ ಧೈರ್ಯ ನನಗಂತೂ ಇರುತ್ತಿರಲಿಲ್ಲ.